ಬಿಡಬೇಕಾದ ಕೈ

ಸೊಲ್ಲಾಪುರದವರಿಗೆ ವಿಮಾನೋಡ್ಡಯನದ ವಿಘ್ನವೆಂದೊಡನೆ ನೆನಪಾಗುವುದು ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಚಿಮಣಿ. ಹೊಟಗಿ ರಸ್ತೆಯ ವಿಮಾನ ನಿಲ್ದಾಣಕ್ಕೆ ಅಡ್ಡವಾಗಿದೆಯೆಂಬ ವಾದಕ್ಕೆ ವರ್ಷಾನುಗಟ್ಟಲೆ ಗುರಿಯಾಗಿ, ಕಡೆಗೆ 2023ರ ಜೂನ್ 15ರಂದು ಅದು ನೆಲಕ್ಕುರುಳಿತು. ಸೊಲ್ಲಾಪುರದಿಂದ ರೈಲುಹಾದಿ ಹಿಡಿದು ಪುಣೆಯತ್ತ ಹೋದರೆ ಸಿಕ್ಕುವ ಹಡಪಸರದಲ್ಲಿ 1950ರಲ್ಲಿ ಸ್ಥಾಪಿತವಾದ ಸರ್ಕಾರಿ ಗ್ಲೈಡಿಂಗ್ ಕೇಂದ್ರವಿದೆ. ಅಲ್ಲಿಯಂತೆ ವಿಂಚಿನ, ಅಂದರೆ ಹಗ್ಗವನ್ನು ಸುತ್ತಿ ಸೆಳೆಯುವ ಯಂತ್ರದ, ಎಳೆತದಿಂದ ಗಗನವೇರುವ ಗ್ಲೈಡರಿಗಾದರೋ ವಿಘ್ನವು ಹೊರಗೆಲ್ಲೂ ನಿಂತಿರುವುದಿಲ್ಲ, ಆರೋಹಣದ ಮೊದಲ ಕೆಲವು ಕ್ಷಣಗಳಲ್ಲಿಯೇ ಅಡಗಿರುತ್ತದೆ.

ಬಯಲಿನ ಆ ತುದಿಯಲ್ಲಿ ವಿಂಚು, ಈ ತುದಿಯಲ್ಲಿ ಗ್ಲೈಡರು, ನಡುವೆ ಸುಮಾರು ಒಂದು ಕಿಲೋಮೀಟರಿನ ಹಗ್ಗ. ರೆಕ್ಕೆಯ ತುದಿಯನ್ನು ಹಿಡಿದು ಓಡುವವನು ಕೈಬಿಟ್ಟ ಮರುಗಳಿಗೆಯೇ ಒಂದು ರೆಕ್ಕೆ ಕುಸಿದು ಹುಲ್ಲಿಗೆ ಸಿಕ್ಕಿಕೊಂಡಿತೆನ್ನಿ: ಹಗ್ಗದ ಸೆಳೆತ ಮುಂದಕ್ಕೆ, ಹುಲ್ಲಿನ ಹಿಡಿತ ಹಿಂದಕ್ಕೆ, ಗ್ಲೈಡರು ಆ ತುದಿಯನ್ನೇ ಕೀಲಾಗಿಸಿಕೊಂಡು ಮಗುಚಿ ಬೀಳುತ್ತದೆ. ಸಾಕಷ್ಟು ವೇಗ ಬರುವ ಮುನ್ನ ಮೂತಿಯನ್ನು ಕಡಿದಾಗಿ ಮೇಲೆತ್ತುವುದೂ, ನಡುವೆ ಹಗ್ಗ ಕಡಿದಾಗ ಮೂತಿಯನ್ನು ತಗ್ಗಿಸಿ ವೇಗ ಕೂಡಿಸಿಕೊಳ್ಳದೆಯೇ ತಿರುಗಲೆಳಸುವುದೂ ಅಷ್ಟೇ ಘಾತುಕವಾದವುಗಳು.

ಇಂಥ ಅವಘಡಗಳ ತಲೆಬರಹದಲ್ಲಿ ‘ಚಾಲಕನ ಪ್ರಮಾದ’ ಎಂದು ಬರೆದು ಕೈತೊಳೆದುಕೊಳ್ಳುವ ವಾಡಿಕೆ ಎಲ್ಲೆಡೆಯೂ ಇದೆ. ಮಾತು ಸುಳ್ಳಲ್ಲ, ಆದರೆ ನಿಷ್ಪ್ರಯೋಜಕ; ನಾಳೆ ಹಾರುವವನ ಕೈ ಏನು ಮಾಡಬೇಕೆಂಬುದನ್ನು ಅದು ತಿಳಿಸುವುದಿಲ್ಲ. 2005ರಲ್ಲಿ ಬ್ರಿಟಿಷ್ ಗ್ಲೈಡಿಂಗ್ ಸಂಘವು ಆರಂಭಿಸಿದ ಸುರಕ್ಷಿತ ವಿಂಚ್ ಆರೋಹಣದ ಆಂದೋಲನವನ್ನು ನಾನು ಶ್ಲಾಘಿಸುವುದು ಈ ಕಾರಣಕ್ಕಾಗಿಯೇ. ಹಗ್ಗ ಕಳಚುವ ಗುಂಡಿಯ ಮೇಲೆ ಕೈ ಮೊದಲಿನಿಂದಲೂ ಇರಲಿ, ರೆಕ್ಕೆಗಳು ಸಮತಲದಲ್ಲಿ ನಿಲ್ಲದಿದ್ದರೆ ತುದಿ ನೆಲ ಮುಟ್ಟುವ ಮೊದಲೇ ಕಳಚಿಬಿಡು ಎಂದು ಅದು ಉಪದೇಶವನ್ನು ಬೆರಳುಗಳವರೆಗೆ ಇಳಿಸಿತು. ಗಂಭೀರ ಅಪಘಾತಗಳು ಗಣನೀಯವಾಗಿ ಇಳಿದವು.

ಹೇಳಲು ಸುಲಭವಾದುದು ಮಾಡಲು ಕಷ್ಟವೇಕೆ? ಸೊಲ್ಲಾಪುರದ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ನಂದಿಧ್ವಜ ಹೊತ್ತವರನ್ನು ಅಕ್ಕಲಕೋಟೆ ಕಡೆಯ ಭಕ್ತರು ಬಲ್ಲರು: ಅಷ್ಟೆತ್ತರದ ಕೋಲು ಕೊಂಚ ವಾಲಿದರೂ ಹೊತ್ತವನ ಮೈಯೆಲ್ಲ ಅದನ್ನು ನೆಟ್ಟಗಾಗಿಸಲು ಹೆಣಗುತ್ತದೆ, ಬಿಡುವ ಯೋಚನೆ ಅವನಲ್ಲಿ ಸುಳಿಯದು. ಗ್ಲೈಡರಿನವನ ಸಹಜ ಬುದ್ಧಿಯೂ ಇದೇ. ಮಂದಗತಿಯಲ್ಲಿ ನಿಯಂತ್ರಣದ ಕೋಲನ್ನು ಎಷ್ಟು ತಿರುವಿದರೂ ರೆಕ್ಕೆ ಕೇಳದು, ಆದರೂ ಇನ್ನೊಂದು ಕ್ಷಣ ನೋಡೋಣವೆಂದು ಅವನು ಕಾಯುತ್ತಾನೆ. ಆ ಒಂದು ಕ್ಷಣವೇ ಇರುವುದಿಲ್ಲ.

ಆಂದೋಲನದಲ್ಲಿ ನನಗೆ ಕೊರತೆಯಾಗಿ ತೋರುವುದು, ಭಾರವೆಲ್ಲವೂ ಪೈಲಟನ ಮೇಲೆಯೇ ಉಳಿಯಿತೆಂಬುದು. ಹಗ್ಗ ಕಳಚಿದರೆ ಅದನ್ನು ಮತ್ತೆ ಎಳೆತಂದು ಸಿಕ್ಕಿಸಬೇಕು. ಸರದಿಯಲ್ಲಿ ಕಾದವರು ಗೊಣಗುತ್ತಾರೆ. ಆ ಗೊಣಗಾಟದ ಭಯವೂ ಬೆರಳನ್ನು ತಡೆಯಬಲ್ಲುದು. ಆ ಬೆರಳಿನ ಮೇಲೆ ಇನ್ನೊಬ್ಬರ ಕಣ್ಣೂ ಇರಬೇಕು. 1961ರಲ್ಲಿ ಮೊದಲು ಹಾರಿದ, ನಮ್ಮ ನಾಗರಿಕ ವಿಮಾನಯಾನ ಇಲಾಖೆಯವರೇ ರೂಪಿಸಿದ ‘ರೋಹಿಣಿ’ ಗ್ಲೈಡರಿನಲ್ಲಿ ಗುರುಶಿಷ್ಯರು ಪಕ್ಕಪಕ್ಕದಲ್ಲಿ ಕೂರುತ್ತಿದ್ದರು, ಶಿಷ್ಯನ ಕೈ ಗುಂಡಿಯ ಮೇಲಿದೆಯೋ ಇಲ್ಲವೋ ಎಂಬುದನ್ನು ಗುರು ಕಣ್ಣಾರೆ ಕಾಣಬಹುದಿತ್ತು. ಒಬ್ಬರ ಹಿಂದೊಬ್ಬರು ಕೂರುವ ಇಂದಿನ ಗ್ಲೈಡರುಗಳಲ್ಲಿ ಆ ಅನುಕೂಲವಿಲ್ಲ. ಆದುದರಿಂದ ಹೊರಡುವ ಮುನ್ನ ಶಿಷ್ಯನು ತನ್ನ ಕೈ ಗುಂಡಿಯ ಮೇಲಿದೆಯೆಂದು ಬಾಯಿಬಿಟ್ಟು ಹೇಳಿದ ಮೇಲೆಯೇ ವಿಂಚಿಗೆ ಸಂಜ್ಞೆ ಹೋಗತಕ್ಕದ್ದು.