ಓಡುತ್ತಲೇ ಇರುವ ಆಸ್ಟಿನ್ ಸೆವೆನ್

1922ರಲ್ಲಿ ಬ್ರಿಟನ್ನಿನ ರಸ್ತೆಗಿಳಿದ ಆಸ್ಟಿನ್ ಸೆವೆನ್ ಇಂದಿಗೂ ಓಡುತ್ತಿದೆಯೆಂದರೆ ಅದರ ಹೆಚ್ಚಿನ ಶ್ರೇಯ ಹಳೆಯ ಕಾರುಗಳ ಕ್ಲಬ್ಬುಗಳ ಸದಸ್ಯರ ಕೈಗುಣಕ್ಕೆ ಸಲ್ಲಬೇಕು. ಹರ್ಬರ್ಟ್ ಆಸ್ಟಿನ್ನರೂ ಹದಿಹರೆಯದ ನಕ್ಷೆಗಾರ ಸ್ಟ್ಯಾನ್ಲಿ ಎಡ್ಜ್‌ನೂ ಸೇರಿ ರೂಪಿಸಿದ ಈ ಪುಟಾಣಿ ಕಾರಿನ ಎಂಜಿನ್, ತೀರಾ ಮೊದಲಿನ ಕೆಲವನ್ನು ಬಿಟ್ಟರೆ, ಬರೀ 747 ಸಿಸಿ. 1936ರವರೆಗಿನ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಶಾಫ್ಟಿಗೆ ಆಸರೆ ಎರಡೇ ಬೇರಿಂಗು. ವೇಗ ಏರಿದಂತೆ ಅದು ನಡುವೆ ಬಳುಕುತ್ತದೆ. ಅದಕ್ಕೆ ಎಣ್ಣೆ ಉಣಿಸುವುದು ಸಣ್ಣ ಜೆಟ್ಟುಗಳ ಚಿಮ್ಮುವಿಕೆ. ಪಳಗಿದವರು ಎಂಜಿನ್ನಿನ ಗುನುಗು ಒರಟಾಗುತ್ತಲೇ ಆಕ್ಸಿಲರೇಟರಿನಿಂದ ಕಾಲು ಸಡಿಲಿಸುತ್ತಾರೆ. ಕ್ಲಚ್ಚಂತೂ ಹಿಡಿಯುವುದಕ್ಕೂ ಬಿಡುವುದಕ್ಕೂ ನಡುವೆ ಬೆರಳಗಲದ ಅವಕಾಶವನ್ನೂ ಕೊಡದು. ಮೊದಲ ವರ್ಷಗಳ ಕಾರುಗಳಲ್ಲಿ ಬ್ರೇಕ್ ಪೆಡಲು ಹಿಂದಿನ ಚಕ್ರಗಳನ್ನು ಮಾತ್ರ ತಡೆಯುತ್ತಿತ್ತು, ಮುಂದಿನವಕ್ಕೆ ಕೈಲಿವರ್ ಎಳೆಯಬೇಕಿತ್ತು. ಇಷ್ಟನ್ನೂ ಒಟ್ಟಿಗೆ ನಿಭಾಯಿಸಿ ಇಳಿಜಾರಿನ ತಿರುವಿನಲ್ಲಿ ನಯವಾಗಿ ಗೇರು ಇಳಿಸುವುದು ಅಪ್ಪಟ ವಿದ್ಯೆ.

ಓಡಿಸಿದರೆ ಸವೆಯುತ್ತದೆ, ಮ್ಯೂಸಿಯಮ್ಮಿನಲ್ಲಿಟ್ಟರೆ ಉಳಿಯುತ್ತದೆ ಎಂಬ ವಾದವಿದೆ. ಸವೆತ ನಿಜ. ಆದರೆ ನಿಂತ ಕಾರಿನಲ್ಲಿ ಸೀಲುಗಳು ಒಣಗುತ್ತವೆ, ಪೆಟ್ರೋಲು ಅಂಟಾಗುತ್ತದೆ. ಜೊತೆಗೆ, ಕ್ಲಚ್ ಹೊಂದಿಸುವ ಅಂದಾಜು ಕೈಯಿಂದ ಕೈಗೆ ದಾಟುವುದೂ ನಿಲ್ಲುತ್ತದೆ. ಸವೆದದ್ದರ ಬದಲು ಹೊಸ ಕ್ರ್ಯಾಂಕ್‌ಶಾಫ್ಟ್ ಕೂರಿಸಿದ ಮೇಲೆ ಅದು ಹಳೆಯ ಕಾರೇ ಅಲ್ಲ ಎನ್ನುವವರ ಮಡಿವಂತಿಕೆ ನನಗೆ ತುಸು ಅತಿಯೆನಿಸುತ್ತದೆ. ಬಿಚ್ಚಿ ಕಟ್ಟುವುದು ಸೆವೆನ್ನಿನ ಹುಟ್ಟುಗುಣ. 1948ರಲ್ಲಿ ಕಾಲಿನ್ ಚಾಪ್ಮನ್ ತನ್ನ ಮೊದಲ ಸ್ಪರ್ಧೆಯ ಕಾರನ್ನು ಕಟ್ಟಿಕೊಂಡದ್ದೂ ಹಳೆಯ ಸೆವೆನ್ ಒಂದರಿಂದಲೇ. ಲೋಟಸ್ ಕಾರುಗಳ ವಂಶಾವಳಿ ಅಲ್ಲಿಂದ ಶುರುವಾಗುತ್ತದೆ.