ಗಜ್ಜರಿ ಬಣ್ಣದ ಮಾತ್ರೆ

1956ರಲ್ಲಿ ವಿಜ್ಞಾನಿ ಡೆನ್‌ಹ್ಯಾಮ್ ಹಾರ್ಮನ್ ಪ್ರಕಟಿಸಿದ ಪ್ರಬಂಧ ಮೂರೇ ಪುಟದ್ದು. ಅದರ ವಾದ ಇಷ್ಟು: ಉಸಿರಾಡಿದ ಆಮ್ಲಜನಕದಿಂದಲೇ ಜೀವಕೋಶದೊಳಗೆ ಫ್ರೀ ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ಜೋಡಿ ತಪ್ಪಿದ ಎಲೆಕ್ಟ್ರಾನ್ ಹೊತ್ತ ಅವು ಕೊಬ್ಬು, ಪ್ರೋಟೀನ್, ಡಿಎನ್‌ಎಗಳನ್ನು ಕೆಡಿಸುತ್ತ ಹೋಗುತ್ತವೆ. ಆ ಗಾಯಗಳ ಒಟ್ಟು ಲೆಕ್ಕವೇ ಮುಪ್ಪು. ಎಷ್ಟು ಸೊಗಸಾದ ಊಹೆ! 1969ರಲ್ಲಿ ವಿಜ್ಞಾನಿಗಳಾದ ಮೆಕಾರ್ಡ್ ಮತ್ತು ಫ್ರಿಡೊವಿಚ್, ಸೂಪರಾಕ್ಸೈಡ್ ಎಂಬ ರ‍್ಯಾಡಿಕಲನ್ನು ತಣಿಸುವ ಕಿಣ್ವ ನಮ್ಮ ದೇಹದಲ್ಲೇ ಇದೆಯೆಂದು ತೋರಿಸಿದಾಗ ಅದಕ್ಕೆ ಬಲವೂ ಬಂತು.

ನನ್ನ ತಕರಾರು ಈ ಊಹೆಯ ಮೇಲಲ್ಲ, ಅದರಿಂದ ಮಾತ್ರೆಗೆ ಹಾರಿದ ಆತುರದ ಮೇಲೆ. ಹಣ್ಣು ತರಕಾರಿ ಹೆಚ್ಚು ತಿನ್ನುವವರಿಗೆ ಕ್ಯಾನ್ಸರ್ ಕಡಿಮೆ ಎಂಬುದು ಕಣ್ಣಿಗೆ ಬಿದ್ದಿತ್ತು. ಹಾಗಾದರೆ ಗಜ್ಜರಿಯಲ್ಲಿರುವ, ರ‍್ಯಾಡಿಕಲ್‌ಗಳನ್ನು ತಣಿಸುವ ಆಂಟಿಆಕ್ಸಿಡೆಂಟ್ ಆದ ಬೀಟಾ ಕ್ಯಾರೋಟಿನನ್ನೇ ಬೇರ್ಪಡಿಸಿ ಕೊಟ್ಟರಾಯಿತಲ್ಲ? ಫಿನ್ಲೆಂಡಿನಲ್ಲಿ 50ರಿಂದ 69 ವಯಸ್ಸಿನ 29,133 ಧೂಮಪಾನಿ ಗಂಡಸರ ಮೇಲೆ ಇದರ ಪರೀಕ್ಷೆ ನಡೆಯಿತು. ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಹುಸಿಮಾತ್ರೆ. ಫಲಿತಾಂಶ 1994ರಲ್ಲಿ ಬಂತು: ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು. ಎರಡು ವರ್ಷದ ನಂತರ ಅಮೆರಿಕದ ಇಂಥದ್ದೇ ಪ್ರಯೋಗದಲ್ಲಿ ಅದು ಶೇ. 28ಕ್ಕೆ ಏರಿತು, ಅವಧಿಗೆ 21 ತಿಂಗಳು ಮೊದಲೇ ಆ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಒಳ್ಳೆಯದಾಗಲೆಂದು ನಂಬಿ ವರ್ಷಗಟ್ಟಲೆ ಮಾತ್ರೆ ನುಂಗಿದ ಜನ ಅವರು. ಈ ಅಂಕಿಗಳನ್ನು ಓದುವಾಗ ಮನಸ್ಸು ಕಲಕುತ್ತದೆ.

ರ‍್ಯಾಡಿಕಲ್ ಎಂದರೆ ಬರೀ ಶತ್ರು ಎಂದುಕೊಂಡದ್ದರಲ್ಲೇ ತಪ್ಪಿತ್ತು. ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ಸೂಪರಾಕ್ಸೈಡನ್ನು ಬೇಕೆಂದೇ ತಯಾರಿಸುತ್ತವೆ. ಹುಟ್ಟಿನಿಂದಲೇ ಆ ಶಕ್ತಿಯಿಲ್ಲದ ಮಕ್ಕಳಿಗೆ ಸೋಂಕಿನ ಮೇಲೆ ಸೋಂಕು. 2009ರಲ್ಲಿ ಜರ್ಮನಿಯ ಸಂಶೋಧಕರು ಸುಮಾರು 40 ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಅವರಲ್ಲಿ ಇನ್ಸುಲಿನ್ ಚುರುಕಾಗಿ ಕೆಲಸ ಮಾಡತೊಡಗಿತು, ಜೊತೆಗೆ ವಿಟಮಿನ್ ಸಿ ಮತ್ತು ಇ ನುಂಗಿದವರಲ್ಲಿ ಮಾತ್ರ ಆ ಲಾಭ ಕಾಣಲಿಲ್ಲ. ಸ್ನಾಯು ದಣಿದಾಗ ಏಳುವ ರ‍್ಯಾಡಿಕಲ್‌ಗಳೇ ದೇಹಕ್ಕೆ ಗಟ್ಟಿಯಾಗೆಂದು ಹೇಳಿಕಳಿಸುತ್ತವೆ. ಮಾತ್ರೆ ಆ ಸುದ್ದಿಯನ್ನೇ ತಡೆದಿತ್ತು.

2012ರಲ್ಲಿ ಅಮೆರಿಕದ ಕೃಷಿ ಇಲಾಖೆ ಆಹಾರಗಳ ಆಂಟಿಆಕ್ಸಿಡೆಂಟ್ ಅಂಕಪಟ್ಟಿಯನ್ನೇ ಹಿಂತೆಗೆದುಕೊಂಡಿತು. ಪ್ರನಾಳದಲ್ಲಿ ಅಳೆದ ಬಲ ದೇಹದಲ್ಲೂ ಹಾಗೇ ನಡೆಯುತ್ತದೆ ಎನ್ನಲು ಆಧಾರವಿರಲಿಲ್ಲ.

ಬೀಟಾ ಕ್ಯಾರೋಟಿನ್ ಬೆರೆತ ಕ್ಯಾಪ್ಸೂಲ್‌ಗಳು ನಮ್ಮ ಔಷಧಿ ಅಂಗಡಿಗಳಲ್ಲಿ ಇವತ್ತಿಗೂ ಸಿಗುತ್ತವೆ. ಬೀಡಿ ಸಿಗರೇಟು ಸೇದುತ್ತೀರಾ ಎಂದು ಕೇಳಿ ಕೊಡುವವರನ್ನು ನಾನು ಕಂಡಿಲ್ಲ.