ಗೂಡಿನ ಕ್ಯಾಮೆರಾ ಹೇಳುವ ಅರ್ಧ ಕಥೆ

ಪುಸ್ತಕಕ್ಕೆ ವಿಮರ್ಶೆ ಉಂಟು, ನಾಟಕಕ್ಕೆ ಉಂಟು, ಸಿನಿಮಾಕ್ಕಂತೂ ಊರಿಗೆ ಹತ್ತು ಜನ ವಿಮರ್ಶಕರು ಇದ್ದಾರೆ. ಹಕ್ಕಿಗೂಡಿನ ಮೇಲೆ ಕಟ್ಟಿದ ಕ್ಯಾಮೆರಾಕ್ಕೆ ವಿಮರ್ಶೆ ಯಾಕೆ ಅಂತ ನೀವು ಕೇಳಬಹುದು. ಕಾರಣ ಐತೆ. ನಮ್ಮ ಕಡೆಯ ಸರಕಾರಿ ಶಾಲೆಗಳಿಗೆ ದೊಡ್ಡ ಟೀವಿ ಪರದೆಗಳು ಬಂದಿವೆ, ಮನೆಮನೆಗೆ ಫೋನು ಬಂದಿದೆ. ಅಮೆರಿಕಾದ್ದು, ಬ್ರಿಟನ್ನಿನದು ಅಂತ ಹಕ್ಕಿಗೂಡುಗಳು ಅದರಲ್ಲಿ ಹಗಲೂ ರಾತ್ರಿ ನೇರ ಪ್ರಸಾರ ಆಗ್ತಿರ್ತವೆ. ಮಕ್ಕಳ ಮುಂದೆ ಇಡುವುದು ಏನೇ ಇರಲಿ, ಅದು ಏನು ಹೇಳ್ತದೆ, ಏನನ್ನು ಬಿಡ್ತದೆ ಅಂತ ವಿಚಾರ ಮಾಡುವುದು ವಾಚನಾಲಯದ ಕೆಲಸವೇ.

ನಾನು ಹೆಚ್ಚು ನೋಡಿರುವುದು ಆಸ್ಪ್ರೇ ಅನ್ನುವ ಹಕ್ಕಿಯ ಗೂಡುಗಳನ್ನು. ನಮ್ಮ ಜನಕ್ಕೆ ಕೊಕ್ಕು ಬಾಗಿದ ದೊಡ್ಡ ಹಕ್ಕಿ ಯಾವುದಿದ್ದರೂ ಹದ್ದೇ. ಇದು ಬರೀ ಮೀನು ತಿಂದು ಬದುಕುವ ಜಾತಿ. ಹಾಗಾಗಿ ಇಲ್ಲಿ ಮೀನುಗಿಡುಗ ಅಂತ ಕರೀತೀನಿ. ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುತ್ತಾ ಗುರಿ ಹಿಡೀತದೆ, ಆಮೇಲೆ ಕಾಲು ಮುಂದೆ ಮಾಡಿ ನೀರಿಗೆ ಬೀಳ್ತದೆ. ಅಂಗಾಲಿನಲ್ಲಿ ಮುಳ್ಳಿನಂಥ ಒರಟು ಇರುವುದರಿಂದ ಮೀನು ಜಾರುವುದಿಲ್ಲ. ಮೀನಿನ ತಲೆ ಮುಂದಕ್ಕೆ ಬರುವ ಹಾಗೆ ತಿರುಗಿಸಿಕೊಂಡು ಹಾರ್ತದೆ. ಗಾಳಿ ಅಡ್ಡ ಬರಬಾರದಲ್ಲ.

ಅಮೆರಿಕಾದ ಮೊಂಟಾನಾ ರಾಜ್ಯದಲ್ಲಿ ಹೆಲ್‌ಗೇಟ್ ಎಂಬಲ್ಲಿ ಕಂಬದ ಮೇಲೆ ಇಂಥದೊಂದು ಗೂಡು ಇದೆ. ಅದರ ಹೆಣ್ಣಿಗೆ ನೋಡುಗರು ಐರಿಸ್ ಅಂತ ಹೆಸರಿಟ್ಟಿದ್ದಾರೆ. ಕಾಲಿಗೆ ಬಳೆ ಇಲ್ಲ. ಕಣ್ಣೊಳಗಿನ ಮಚ್ಚೆ ನೋಡಿ ಗುರುತು ಹಿಡೀತಾರೆ. ಕಾಗೆ ಜಾತಿಯ ದೊಡ್ಡ ಹಕ್ಕಿಗಳು ಬಂದು ಅದರ ಮೊಟ್ಟೆಗಳನ್ನು ತಿಂದ ವರ್ಷಗಳುಂಟು. ಕ್ಯಾಮೆರಾ ಅದನ್ನೂ ತೋರಿಸಿತು.

ಈ ಪ್ರಸಾರದ ದೊಡ್ಡ ಗುಣ ಇದೇ, ಇದರಲ್ಲಿ ಕತ್ತರಿ ಆಡುವುದಿಲ್ಲ. ಟೀವಿಯ ಪ್ರಾಣಿ ಚಿತ್ರಗಳಲ್ಲಿ ನಿಮಿಷಕ್ಕೊಂದು ಬೇಟೆ. ಇಲ್ಲಿ ಹಾಗಲ್ಲ. ಮೊಟ್ಟೆಗೆ ಐದು ವಾರಕ್ಕಿಂತ ಹೆಚ್ಚು ಕಾವು ಕೊಡಬೇಕು. ಅಷ್ಟು ದಿನ ಹಕ್ಕಿ ಕೂತಿರ್ತದೆ, ಮಳೆ ಬರ್ತದೆ, ಎದ್ದು ಮಗ್ಗಲು ಬದಲಿಸ್ತದೆ, ಮತ್ತೆ ಕೂರ್ತದೆ. ರಾತ್ರಿಯಿಡೀ ಬಯಲಾಟ ನೋಡಿದವರಿಗೆ ಇದರ ರುಚಿ ಗೊತ್ತಾಗ್ತದೆ. ಮಧ್ಯೆ ತೂಕಡಿಸ್ತೀವಿ, ರಕ್ಕಸನ ಪ್ರವೇಶಕ್ಕೆ ಚಂಡೆ ಬಡಿದಾಗ ಎದ್ದು ಕೂರ್ತೀವಿ. ಕಾಯುವುದನ್ನು ಕಲಿಸುವ ಆಟ ಇವತ್ತಿನ ಮಕ್ಕಳಿಗೆ ಬೇರೆ ಎಲ್ಲಿ ಸಿಗ್ತದೆ?

ಆದರೆ ಬಯಲಾಟಕ್ಕೆ ಭಾಗವತ ಇರುವಂತೆ ಇದಕ್ಕೂ ಭಾಗವತರು ಹುಟ್ಟಿಕೊಂಡಿದ್ದಾರೆ. ಹಕ್ಕಿ ತಾನಾಗಿ ಕಥೆ ಹೇಳುವುದಿಲ್ಲ. ನೋಡುವ ಜನ ಹೆಸರಿಟ್ಟು, ಸಂಸಾರ ಕಟ್ಟಿ, ಒಳ್ಳೆ ತಾಯಿ, ಕೆಟ್ಟ ತಾಯಿ ಅಂತ ಪಾತ್ರ ಹಂಚುತ್ತಾರೆ. ಅಮೆರಿಕಾದ ವುಡ್ಸ್ ಹೋಲ್ ಎಂಬ ಕಡಲತೀರದ ಊರಿನಲ್ಲಿ ಸಾಗರ ಸಂಶೋಧನಾ ಸಂಸ್ಥೆಯೊಂದು ಮೀನುಗಿಡುಗದ ಗೂಡಿಗೆ ಕ್ಯಾಮೆರಾ ಇಟ್ಟಿತ್ತು. 2014ರಲ್ಲೂ 2015ರಲ್ಲೂ ತಾಯಿಹಕ್ಕಿ ತನ್ನ ಮರಿಗಳನ್ನೇ ಕುಕ್ಕಿತು, ಸರಿಯಾಗಿ ಉಣಿಸಲಿಲ್ಲ. ಮರಿ ಎತ್ತಿಕೊಳ್ಳಿ, ಗೂಡಿಗೆ ಕೈ ಹಾಕಿ ಅಂತ ನೋಡುಗರು ಸಂಸ್ಥೆಯನ್ನು ಬೈದು ಬರೆದರು. ಕೊನೆಗೆ ಸಂಸ್ಥೆಯವರು ಆ ಕ್ಯಾಮೆರಾವನ್ನೇ ನಿಲ್ಲಿಸಿಬಿಟ್ಟರು. ಕೋಳಿ ಸಾಕಿದ ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸದಲ್ಲ. ಯಾವ ಹೇಟೆ ಮರಿ ಮಾಡ್ತದೆ, ಯಾವುದು ಕುಕ್ಕಿ ಓಡಿಸ್ತದೆ ಅಂತ ಅವರಿಗೆ ಗೊತ್ತು. ಅದಕ್ಕೆ ಕೆಟ್ಟ ತಾಯಿ ಅಂತ ಪಂಚಾಯ್ತಿ ಸೇರಿಸುವುದಿಲ್ಲ. ಬರೀ ಪರದೆಯ ಮೇಲೆ ಪ್ರಾಣಿ ಕಂಡವರಿಗೆ ಪ್ರೀತಿ ಬೇಗ ಬರ್ತದೆ, ಸಿಟ್ಟೂ ಅಷ್ಟೇ ಬೇಗ.

ಹಾಗಂತ ಈ ನೋಡುವಿಕೆಯನ್ನು ನಾನು ಹಳಿಯುವುದಿಲ್ಲ. ಇದರ ಮೂಲದಲ್ಲಿ ಒಂದು ದೊಡ್ಡ ವಿಚಾರ ಇದೆ. ಬೇಟೆಗಾರರಿಂದ, ಮೊಟ್ಟೆ ಕೂಡಿಡುವ ಹುಚ್ಚಿನವರಿಂದ ಮೀನುಗಿಡುಗ ಬ್ರಿಟನ್ನಿನಲ್ಲಿ ಗೂಡು ಕಟ್ಟುವುದೇ ನಿಂತುಹೋಗಿತ್ತು. 1950ರ ದಶಕದಲ್ಲಿ ಸ್ಕಾಟ್ಲೆಂಡಿನ ಲಾಕ್ ಗಾರ್ಟನ್ ಎಂಬ ಸರೋವರದ ಬಳಿ ಒಂದು ಜೋಡಿ ಮತ್ತೆ ಗೂಡು ಕಟ್ಟಿತು. 1958ರಲ್ಲಿ ಕಾವಲಿದ್ದರೂ ರಾತ್ರಿ ಕಳ್ಳ ಹತ್ತಿ ಮೊಟ್ಟೆ ಹಾಳು ಮಾಡಿದ. ಮರುವರ್ಷ ಪಕ್ಷಿ ರಕ್ಷಣಾ ಸಂಘದ ಜಾರ್ಜ್ ವಾಟರ್‌ಸ್ಟನ್ ಉಲ್ಟಾ ದಾರಿ ಹಿಡಿದರು: ಗುಟ್ಟು ಮಾಡುವುದು ಬೇಡ, ಎಲ್ಲರನ್ನೂ ಕರೆದು ತೋರಿಸೋಣ ಅಂದರು. ಜನ ಸಾವಿರಾರು ಸಂಖ್ಯೆಯಲ್ಲಿ ಬಂದು ದುರ್ಬೀನಿನಲ್ಲಿ ಗೂಡು ನೋಡಿದರು. ಆ ವರ್ಷ ಮೂರು ಮರಿ ಹಾರಿದವು. ಇವತ್ತಿನ ಗೂಡಿನ ಕ್ಯಾಮೆರಾ ಆ ದುರ್ಬೀನಿನ ಮೊಮ್ಮಗ. ನೋಡುವ ಕಣ್ಣು ಹೆಚ್ಚಾದರೆ ಅದೇ ಕಾವಲು ಅನ್ನುವುದು ಅದರ ತಿರುಳು.

ನನ್ನ ತಕರಾರು ಇರುವುದು ಈ ಕಣ್ಣು ಎಲ್ಲಿ ಮುಚ್ಚಿಕೊಳ್ತದೆ ಅನ್ನುವುದರ ಬಗ್ಗೆ. ಆಗಸ್ಟ್ ಕಳೆದು ಸೆಪ್ಟೆಂಬರ್ ಹೊತ್ತಿಗೆ ಗೂಡು ಖಾಲಿಯಾಗ್ತದೆ. ಸಾಮಾನ್ಯವಾಗಿ ತಾಯಿ ಮೊದಲು ಹೊರಡ್ತದೆ. ಮರಿಗಳು ಯಾರ ಜೊತೆಯೂ ಇಲ್ಲದೆ, ದಾರಿ ತೋರಿಸುವವರಿಲ್ಲದೆ ಸಾವಿರಾರು ಕಿಲೋಮೀಟರ್ ಹೋಗ್ತವೆ. ಪ್ರಸಾರದವರು ಈ ವರ್ಷದ ಆಟ ಮುಗೀತು ಅಂತಾರೆ. ಐರಿಸ್ ಚಳಿಗಾಲ ಎಲ್ಲಿ ಕಳೀತದೆ ಅಂತ ಅಷ್ಟು ವರ್ಷ ನೋಡಿದವರಿಗೂ ಗೊತ್ತಿಲ್ಲ. ಹಕ್ಕಿಯ ಬಾಳಿನ ಅರ್ಧ ಭಾಗ ಪರದೆಯ ಹಿಂದೆಯೇ ಉಳೀತದೆ.

ಆ ಅರ್ಧದಲ್ಲಿ ಏನಿದೆ ಅನ್ನುವುದಕ್ಕೆ ಒಂದು ಮರಿಯ ಕಥೆ ಸಾಕು. ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಡವಿ ನದಿಯ ಬಳಿಯ ಗೂಡಿನಲ್ಲಿ 2012ರಲ್ಲಿ ಎರಡು ಮರಿ ಸತ್ತವು. ಜೂನ್ ತಿಂಗಳ ಬಿರುಗಾಳಿ ಮಳೆಗೆ ಉಳಿದ ಒಂದೂ ಹೋಗುವ ಹಾಗಿತ್ತು. ಕಾವಲಿನವರು ಗೂಡಿಗೆ ಹೋಗಿ ಅದಕ್ಕೆ ಕೈಯಾರೆ ಮೀನು ತಿನ್ನಿಸಿ ಬದುಕಿಸಿದರು. ಕೇಲನ್ ಅಂತ ಹೆಸರಿಟ್ಟರು. ಅದು ಬೆಳೆದು, ಹಾರಿ, ಆಫ್ರಿಕಾದ ಸೆನೆಗಲ್ ಮುಟ್ಟಿತು. ಅಲ್ಲಿ ಅದೇ ವರ್ಷ ಮೀನಿನ ಬಲೆಗೆ ಸಿಕ್ಕಿ ಸತ್ತಿತು. ಇತ್ತ ಅಷ್ಟು ಜನರ ಕಣ್ಣು, ಅಷ್ಟು ಜನರ ಅಂತಃಕರಣ. ಅತ್ತ ಒಂದು ಬಲೆ. ಬಲೆ ಹಾಕಿದವನು ಹೊಟ್ಟೆಪಾಡಿಗೆ ಹಾಕಿದ್ದು, ಅವನನ್ನು ಬೈದು ಪ್ರಯೋಜನ ಇಲ್ಲ. ಅವನ ನೀರಿನ ಕಡೆಗೆ ಯಾರೂ ಕ್ಯಾಮೆರಾ ತಿರುಗಿಸಿರಲಿಲ್ಲ, ಹಕ್ಕಿಯ ಕಥೆಯನ್ನು ಯಾರೂ ಅವನಿಗೆ ಹೇಳಿರಲಿಲ್ಲ ಅನ್ನುವುದೇ ನನ್ನ ಮಾತು.

ಈಗ ನಮ್ಮ ಕಡೆ ಬರೋಣ. ಬ್ರಿಟನ್ನಿನ ಮೀನುಗಿಡುಗಗಳು ಆಫ್ರಿಕಾಕ್ಕೆ ಹೋದರೆ, ಉತ್ತರ ಏಷ್ಯಾದವು ಚಳಿಗಾಲಕ್ಕೆ ನಮ್ಮ ದೇಶಕ್ಕೆ ಬರ್ತವೆ. ಹೊಸಪೇಟೆಯ ತುಂಗಭದ್ರಾ ಹಿನ್ನೀರಿನಲ್ಲಿ ನಾನೇ ನೋಡಿದ್ದೀನಿ. ಅದೇ ತುಂಗಭದ್ರೆಯ ನೀರು ಮೇಲ್ಮಟ್ಟದ ಕಾಲುವೆಯಲ್ಲಿ ನಮ್ಮ ಬೊಮ್ಮನಹಾಳ್ ಮಂಡಲವನ್ನು ದಾಟಿ ಹೋಗ್ತದೆ. ಅಂದರೆ ಅವರಿಗೆ ಆಟ ಮುಗಿಯುವ ತಿಂಗಳು ನಮಗೆ ಆಟ ಶುರು. ಪರದೆಯ ಮೇಲೆ ಕಾಣುವುದು ಹಕ್ಕಿಯ ತವರುಮನೆ. ನಮ್ಮದು ಅದು ದುಡಿದು ತಿನ್ನುವ ಊರು. ಇಲ್ಲಿ ಅದಕ್ಕೆ ಗೂಡಿಲ್ಲ, ಹೆಸರಿಲ್ಲ, ನೋಡುವವರೂ ಇಲ್ಲ. ಕಾವಲಿಲ್ಲದ ಅರ್ಧ ನಮ್ಮ ಪಾಲಿನದು.

ಕ್ಯಾಮೆರಾ ಇಲ್ಲದೆಯೂ ಕಾಯಬಹುದು ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಹಿಂದೂಪುರದ ಕಡೆ ಚಿಲಮತ್ತೂರು ಮಂಡಲದ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ತವೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಅವುಗಳ ಜೊತೆ ಹೆಜ್ಜಾರ್ಲೆಯೂ ಸೇರ್ತದೆ. ಹಕ್ಕಿ ಬಂದರೆ ಊರಿಗೆ ಒಳ್ಳೇದು ಅಂತ ಜನ ತಲೆಮಾರಿನಿಂದ ಕಾಪಾಡಿಕೊಂಡು ಬಂದಿದ್ದಾರೆ. ಗಬ್ಬುವಾಸನೆ ಸಹಿಸಿಕೊಂಡು, ಬಿದ್ದ ಮರಿ ನೋಡಿಕೊಂಡು, ಆ ಮರಗಳ ಕೆಳಗೇ ಬದುಕಿದ್ದಾರೆ. ಅದೂ ನೋಡುವುದೇ. ಬೇಜಾರಾದಾಗ ಆರಿಸಲಿಕ್ಕೆ ಅಲ್ಲಿ ಗುಂಡಿ ಇಲ್ಲ, ಅಷ್ಟೇ ವ್ಯತ್ಯಾಸ.

ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟು. ಗೂಡಿನ ಪ್ರಸಾರವನ್ನು ಶಾಲೆಯಲ್ಲಿ ಖಂಡಿತ ತೋರಿಸ್ರಿ. ಇಂಗ್ಲಿಷ್ ವಿವರಣೆ ಇದ್ದರೆ ದನಿ ನಿಲ್ಲಿಸಿ, ಕಂಡದ್ದನ್ನು ಮಕ್ಕಳೇ ಕನ್ನಡದಲ್ಲಿ ಹೇಳಲಿ. ಬಾಗಿತು, ಕುಕ್ಕಿತು, ಗುಟುಕು ಕೊಟ್ಟಿತು, ರೆಕ್ಕೆ ಒದರಿತು: ಈ ಮಾತುಗಳು ಗಡಿನಾಡಿನ ಮಕ್ಕಳ ಬಾಯಲ್ಲಿ ಉಳಿಯಲಿಕ್ಕೆ ಇದಕ್ಕಿಂತ ಒಳ್ಳೆ ನೆಪ ಬೇಕೆ? ಗೂಡು ಖಾಲಿಯಾದ ದಿನ ಪರದೆ ಆರಿಸಿ, ಹಕ್ಕಿ ಎತ್ತ ಹೋಯಿತು ಅಂತ ಕೇಳ್ರಿ. ಭೂಪಟ ಬಿಚ್ಚಿ ದಾರಿ ಹುಡುಕಲಿ. ಚಳಿಗಾಲದಲ್ಲಿ ಕಣೇಕಲ್ ಕೆರೆಗೋ, ನೀರಿದ್ದ ವರ್ಷ ಭೈರವಾನಿ ತಿಪ್ಪದ ಅಣೆಕಟ್ಟಿಗೋ ಒಂದು ದಿನ ಕರೆದುಕೊಂಡು ಹೋಗಿ, ಬಂದ ಹಕ್ಕಿಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆಸ್ರಿ. ದಂಡೆಯಲ್ಲಿ ಹರಿದ ನೈಲಾನ್ ಬಲೆ ಬಿದ್ದಿದ್ದರೆ ಆಯ್ದು ತನ್ರಿ. ಮೀನು ಹಿಡಿಯುವವರ ಜೊತೆ ಕೂತು ಮಾತಾಡ್ರಿ. ನೀರಿನ ಮೇಲಿನ ಹಕ್ಕಿಗಳನ್ನು ಅವರಷ್ಟು ನೋಡಿದವರು ಯಾರಿದ್ದಾರೆ?

ಕ್ಯಾಮೆರಾ ಸುಳ್ಳು ಹೇಳುವುದಿಲ್ಲ, ಆದರೆ ಅರ್ಧಕ್ಕೇ ಕಥೆ ನಿಲ್ಲಿಸ್ತದೆ. ಉಳಿದ ಅರ್ಧಕ್ಕೆ ಭಾಗವತಿಕೆ ಮಾಡಬೇಕಾದವರು ನಮ್ಮಂಥ ಕೆರೆದಂಡೆಯ ಊರಿನವರು.